ಎಷ್ಟು ಕೋಳಿ ಅಂತ ಕೋಳಿಯನ್ನೇ ಕೇಳಬೇಕು

ಹಿತ್ತಲಲ್ಲಿ ಕೋಳಿ ಸಾಕೋಣ ಅಂತಿದ್ದೇನೆ, ಎಷ್ಟರಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಈಗ ಯೋಚನೆಯನ್ನೇ ಮಾಡುವುದಿಲ್ಲ, ನಾಲ್ಕು ಅಂದುಬಿಡುತ್ತೇನೆ. ಗೂಡು ಮಾತ್ರ ಎಂಟಕ್ಕೆ ಆಗುವಷ್ಟು ಕಟ್ಟಿ ಅಂತಲೂ ಸೇರಿಸುತ್ತೇನೆ. ಮೊದಲನೇ ಮಾತಿಗೆ ಎಲ್ಲರೂ ತಲೆ ಆಡಿಸುತ್ತಾರೆ. ಎರಡನೆಯದು ಯಾರ ಕಿವಿಗೂ ಬೀಳುವುದಿಲ್ಲ. ನನ್ನ ಕಿವಿಗೂ ಬಿದ್ದಿರಲಿಲ್ಲ ಬಿಡಿ.

ನಾನು ಶುರು ಮಾಡಿದ್ದು ಎರಡರಿಂದ. ಮನೆಯಲ್ಲಿರುವವರು ಇಬ್ಬರು, ಕೋಳಿಯೂ ಎರಡು, ತಲೆಗೊಂದು ಮೊಟ್ಟೆ, ಲೆಕ್ಕ ಸರಿಹೋಯಿತಲ್ಲ ಅಂದುಕೊಂಡಿದ್ದೆ. ಮೂರು ತಿಂಗಳು ಚೆನ್ನಾಗಿಯೇ ಇತ್ತು. ಒಂದು ಸಂಜೆ ಗೂಡಿನ ಬಾಗಿಲು ಹಾಕುವುದು ಹತ್ತು ನಿಮಿಷ ತಡವಾಯಿತು, ಅಷ್ಟರಲ್ಲಿ ನಾಯಿ ನುಗ್ಗಿ ಒಂದನ್ನು ಕಚ್ಚಿಕೊಂಡು ಹೋಯಿತು. ಹೋದದ್ದು ಹೋಯಿತು, ಉಳಿದದ್ದರ ಪಾಡು ನೋಡಲಾಗಲಿಲ್ಲ. ಬೇಲಿ ಪಕ್ಕ ಆ ಕಡೆಯಿಂದ ಈ ಕಡೆಗೆ ಓಡಾಡುವುದು, ನಿಂತು ಕತ್ತು ಚಾಚಿ ಕೂಗುವುದು, ಆ ಕಡೆಯಿಂದ ಏನೂ ಕೇಳಿಸದೆ ಮತ್ತೆ ಓಡಾಡುವುದು. ಕಾಳು ಹಾಕಿದರೆ ನಾಲ್ಕು ಸಲ ಕುಕ್ಕಿ ಬಿಟ್ಟುಬಿಡುತ್ತಿತ್ತು. ನಾನು ಹಿತ್ತಲ ಬಾಗಿಲು ತೆಗೆದರೆ ಸಾಕು, ಓಡಿ ಬಂದು ಕಾಲ ಹತ್ತಿರ ನಿಲ್ಲುತ್ತಿತ್ತು. ಅದು ಮುದ್ದು ಅಂತ ಅನಿಸಿದ್ದು ಒಂದೇ ದಿನ. ಮೊಟ್ಟೆ ಇಡುವುದೂ ನಿಂತಿತು. ಕೋಳಿ ಗುಂಪಿನಲ್ಲಿ ಬದುಕುವ ಪ್ರಾಣಿ ಅಂತ ಎಲ್ಲೋ ಓದಿ ಸುಮ್ನೆ ಹೂಂ ಅಂದುಕೊಂಡಿದ್ದೆ, ಹಾಗಂದರೇನು ಅಂತ ಗೊತ್ತಾಗಿದ್ದು ಆ ವಾರ.

ಹಾಗಾಗಿ ಎರಡು ಅನ್ನುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಹೋದರೆ ಇನ್ನೊಂದು ಒಂಟಿ, ಅಷ್ಟೇ. ಮೂರಾದರೂ ಇರಬೇಕು. ನಾಲ್ಕಿದ್ದರೆ ಒಂದು ಹೋದ ಮೇಲೂ ಮೂರು ಉಳಿಯುತ್ತವೆ, ಅವಸರಕ್ಕೆ ಬಿದ್ದು ಸಿಕ್ಕಿದ ಕೋಳಿ ತಂದು ಬಿಡುವ ಗತಿ ಬರುವುದಿಲ್ಲ.

ನಾನು ಅವಸರಕ್ಕೆ ಬಿದ್ದೆ. ಪಾಪ, ಜೊತೆ ಬೇಕು ಅಂತ ಮರುವಾರವೇ ಇನ್ನೊಂದು ಹೇಂಟೆ ತಂದೆ. ಕೆಂಪು ಬಣ್ಣದ್ದು, ವಯಸ್ಸಿನಲ್ಲಿ ಚಿಕ್ಕದು, ಕೆಂಪಿ ಅಂತ ಹೆಸರಿಟ್ಟೆವು. ಬುಟ್ಟಿಯಿಂದ ಇಳಿಸಿ ಬಿಟ್ಟದ್ದೇ ತಡ, ಅಷ್ಟು ದಿನ ಅಳುತ್ತಾ ಓಡಾಡುತ್ತಿದ್ದ ಹಳೆಯದು ಕತ್ತಿನ ಗರಿ ಕೆದರಿಕೊಂಡು, ತಲೆ ತಗ್ಗಿಸಿ, ನೇರ ಹೋಗಿ ಅದರ ನೆತ್ತಿಗೇ ಕುಕ್ಕಿತು. ಜುಟ್ಟಿನಲ್ಲಿ ಒಂದು ಹನಿ ರಕ್ತ ಬಂತು. ರಕ್ತದ ಕೆಂಪು ಕಂಡರೆ ಕೋಳಿಗಳು ಅಲ್ಲಿಗೇ ಮತ್ತೆ ಮತ್ತೆ ಕುಕ್ಕುತ್ತವೆ. ಕೆಂಪಿ ಮೂಲೆಗೆ ಓಡಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿತು. ಎರಡು ದಿನ ಕಾಳಿನ ತೊಟ್ಟಿಯ ಹತ್ತಿರಕ್ಕೇ ಬರಲಿಲ್ಲ. ನಾನು ಕೈಯಲ್ಲಿ ಪೊರಕೆ ಹಿಡಿದು ಕಾವಲು ನಿಂತರೆ ಮಾತ್ರ ಬಂದು ಗಬಗಬ ತಿಂದು ಓಡುತ್ತಿತ್ತು. ಜೊತೆ ಬೇಕು ಅಂತ ಅಂದುಕೊಂಡಿದ್ದು ನಾನು. ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ಗಾದೆ ಇದೆಯಲ್ಲ, ಮಸಾಲೆ ವಿಷಯ ಹೇಗಾದರೂ ಇರಲಿ, ಇನ್ನೊಂದು ಕೋಳಿ ತರುವ ಮೊದಲು ಇರುವ ಕೋಳಿಯನ್ನು ಒಂದು ಮಾತು ಕೇಳಬೇಕು.

ಕೋಳಿಗಳ ಈ ಮೇಲು ಕೀಳಿನ ಸಾಲನ್ನು ಕೂತು ನೋಡಿ ಬರೆದಿಟ್ಟವನು ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ. ಹುಡುಗನಾಗಿದ್ದಾಗಿನಿಂದಲೇ ಕೋಳಿ ನೋಡುವ ಹುಚ್ಚು ಅವನಿಗೆ, 1921ರಲ್ಲಿ ಡಾಕ್ಟರೇಟ್ ಪ್ರಬಂಧವನ್ನೇ ಇದರ ಮೇಲೆ ಬರೆದ. ಗುಂಪಿನಲ್ಲಿ ಯಾವ ಎರಡು ಕೋಳಿಯನ್ನು ತೆಗೆದುಕೊಂಡರೂ ಯಾವುದು ಯಾವುದನ್ನು ಕುಕ್ಕಬಹುದು ಅನ್ನುವುದು ಅವುಗಳ ನಡುವೆ ತೀರ್ಮಾನ ಆಗಿರುತ್ತದೆ. ತೀರ್ಮಾನ ಆದ ಮೇಲೆ ಜಗಳ ಕಮ್ಮಿ, ಒಂದು ಕತ್ತೆತ್ತಿ ನೋಡಿದರೆ ಇನ್ನೊಂದು ದಾರಿ ಬಿಡುತ್ತದೆ. ಆಗುವವರೆಗೆ ಮಾತ್ರ ಕಷ್ಟ. ಈಗ ಇದನ್ನೇ ಲೆಕ್ಕ ಹಾಕಿ ನೋಡಿ. ಮೂರು ಕೋಳಿ ಇದ್ದರೆ ಇಂಥ ಜೋಡಿಗಳು 3. ನಾಲ್ಕಕ್ಕೆ 6. ಎಂಟಕ್ಕೆ 28. ಹತ್ತಕ್ಕೆ 45. ಕೋಳಿ ಎರಡು ಪಟ್ಟಾದರೆ ಜಗಳದ ದಾರಿ ನಾಲ್ಕು ಪಟ್ಟಿಗೂ ಜಾಸ್ತಿ. ಹೊಸಬರಿಗೆ ನಾಲ್ಕು ಅನ್ನುವುದಕ್ಕೆ ಇದೂ ಒಂದು ಕಾರಣ, ಆರು ಜೋಡಿಯಾದರೆ ಯಾವುದಕ್ಕೆ ಯಾವುದನ್ನು ಕಂಡರೆ ಭಯ ಅಂತ ನಿಮ್ಮ ಕಣ್ಣಿಗೇ ಗೊತ್ತಾಗುತ್ತದೆ. ಮೂರರಲ್ಲಿ ಕೆಲವು ಸಲ ಎರಡು ಒಂದಾಗಿ ಮೂರನೆಯದರ ಮೇಲೆ ಬೀಳುತ್ತವೆ, ಅದೂ ನೋಡಿದ್ದೇನೆ.

ಅಲ್ಲಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಎರಡು ಕಮ್ಮಿಯಾಗಿದ್ದೇ ತಪ್ಪು ಅಂದುಕೊಂಡು ಒಂದೇ ಸಲ ಎಂಟು ಮರಿ ತಂದೆ. ಮಾರಿದವರು ಹೆಚ್ಚು ಕಮ್ಮಿ ಎಲ್ಲಾ ಹೇಂಟೆನೇ ಅಂದಿದ್ದರು. ಹತ್ತಿ ಉಂಡೆಗಳ ಹಾಗಿದ್ದ ಮರಿಗಳು ಎಂಟನೇ ವಾರ ದಾಟುವ ಹೊತ್ತಿಗೆ ಕೆಲವಕ್ಕೆ ಜುಟ್ಟು ಕೆಂಪೇರಿತು, ಕಾಲು ದಪ್ಪಗಾಯಿತು, ಒಂದು ಬೆಳಗ್ಗೆ ಗಂಟಲು ಕಟ್ಟಿದವರ ಹಾಗೆ ಒಂದು ಕೂಗು ಕೇಳಿತು. ಮಾರನೇ ದಿನ ಎರಡು ಕೂಗು. ಎಣಿಸಿದರೆ ಐದು ಹುಂಜ! ನನ್ನ ಹಣೆಬರಹ ಅಂದುಕೊಂಡಿದ್ದೆ, ಆಮೇಲೆ ಪೇಪರ್ ಮೇಲೆ ಲೆಕ್ಕ ಹಾಕಿದೆ. ಗಂಡೋ ಹೆಣ್ಣೋ ನೋಡದೆ ತಂದ ಎಂಟು ಮರಿಯಲ್ಲಿ ಐದು ಅಥವಾ ಅದಕ್ಕಿಂತ ಜಾಸ್ತಿ ಹುಂಜ ಬರುವ ಸಂಭವ ನೂರಕ್ಕೆ 36. ಮೂರು ಮನೆಯಲ್ಲಿ ಒಂದು ಮನೆಗೆ ಹೀಗಾಗುತ್ತದೆ ಅಂದ ಹಾಗಾಯಿತು. ಎಂಟರಿಂದ ಹತ್ತು ಹೇಂಟೆಗೆ ಒಂದು ಹುಂಜ ಇದ್ದರೆ ಸರಿ. ನನ್ನ ಹತ್ತಿರ ಐದು ಹೇಂಟೆ, ಐದು ಹುಂಜ. ಹೇಂಟೆಗಳ ಬೆನ್ನಿನ ಗರಿಯೆಲ್ಲಾ ಕಿತ್ತು ಬರಿ ಚರ್ಮ ಕಾಣಿಸತೊಡಗಿತ್ತು. ಮೊಟ್ಟೆ ಮಾತ್ರ ಸಾಕು ಅನ್ನುವವರಿಗೆ ಹುಂಜ ಬೇಕಾಗೇ ಇಲ್ಲ, ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ. ಅದಕ್ಕೇ ನಾಲ್ಕು ಅಂದರೆ ನಾನು ಹೇಳುವುದು ನಾಲ್ಕು ಮರಿ ಅಲ್ಲ, ಹೇಂಟೆ ಅಂತ ಗ್ಯಾರಂಟಿಯಾಗಿ ಗೊತ್ತಾಗುವಷ್ಟು ಬೆಳೆದ ನಾಲ್ಕು. ಇನ್ನೇನು ಮೊಟ್ಟೆ ಶುರು ಮಾಡುವ ವಯಸ್ಸಿನವು ಸಿಕ್ಕಿದರೆ ಇನ್ನೂ ಒಳ್ಳೆಯದು.

ಆ ಹತ್ತು ಇದ್ದದ್ದು ಮೂರಕ್ಕೆ ಅಂತ ಕಟ್ಟಿದ ಗೂಡಿನಲ್ಲಿ. ಬೆಳಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುತ್ತಿತ್ತು. ಹಿಕ್ಕೆಯಿಂದ ಏಳುವ ಅಮೋನಿಯಾ ಅದು. ನಮಗೆ ಬಾಗಿಲಲ್ಲಿ ನಿಂತ ಒಂದು ನಿಮಿಷ ಆ ಪಾಡಾದರೆ ರಾತ್ರಿಯೆಲ್ಲಾ ಅದನ್ನೇ ಉಸಿರಾಡುವ ಕೋಳಿಗೆ ಹೇಗಿರಬೇಡ? ಒಂದು ಕೋಳಿಗೆ ಗೂಡಿನ ಒಳಗೆ 4 ಚದರ ಅಡಿ, ಹೊರಗೆ ಓಡಾಡಲು 10 ಚದರ ಅಡಿ, ರಾತ್ರಿ ಕೂರುವ ಅಡ್ಡಕೋಲಿನ ಮೇಲೆ ತಲೆಗೆ 8ರಿಂದ 10 ಇಂಚು, ನಾಲ್ಕೈದು ಕೋಳಿಗೆ ಮೊಟ್ಟೆ ಇಡಲು ಒಂದು ಪೆಟ್ಟಿಗೆ ಅಂತ ಇಟ್ಟುಕೊಳ್ಳಿ. (ಎರಡು ಪೆಟ್ಟಿಗೆ ಇಟ್ಟರೂ ಎಲ್ಲವೂ ಒಂದರಲ್ಲೇ ಇಡುತ್ತವೆ, ಸರದಿಗೆ ಹೊರಗೆ ನಿಂತು ಗೊಣಗುತ್ತವೆ, ಏನೂ ಮಾಡಲಾಗುವುದಿಲ್ಲ.) ಜಾಗ ಕಮ್ಮಿಯಾದರೆ ಒಂದರ ಗರಿ ಇನ್ನೊಂದು ಕೀಳುವುದು ಶುರುವಾಗುತ್ತದೆ. ಗೂಡಿನ ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗಿ ಕೂತರೆ ಹಿಂದೆಯೇ ರೋಗ ಬರುತ್ತದೆ. ನಿಮ್ಮ ಹಿತ್ತಲಿನ ಅಳತೆಯೇ ನಾಲ್ಕಕ್ಕೆ ಆಗಲ್ಲ ಅನ್ನುತ್ತಿದ್ದರೆ ಮೂರಕ್ಕೆ ನಿಲ್ಲಿಸಿ. ನೀವಿರುವ ಕಡೆ ಕೋಳಿ ಸಾಕಲು ಏನಾದರೂ ನಿಯಮ ಇದೆಯಾ ಅಂತಲೂ ಮೊದಲೇ ಕೇಳಿಕೊಳ್ಳಿ, ಮುಖ್ಯವಾಗಿ ಹುಂಜದ ವಿಷಯ.

ಮೊಟ್ಟೆ ಲೆಕ್ಕದಿಂದ ಶುರು ಮಾಡುವವರೇ ಜಾಸ್ತಿ. ದಿನಕ್ಕೆ ಆರು ಮೊಟ್ಟೆ ಬೇಕು, ಆರು ಕೋಳಿ ಸಾಕಲ್ವಾ ಅಂತ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಹಿಡಿಯುತ್ತದೆ. ಅಂದರೆ ಇವತ್ತು ಬೆಳಗ್ಗೆ ಎಂಟಕ್ಕೆ ಇಟ್ಟದ್ದು ನಾಳೆ ಒಂಬತ್ತಕ್ಕೆ, ನಾಡಿದ್ದು ಹತ್ತಕ್ಕೆ, ಹೀಗೇ ಜಾರುತ್ತಾ ಹೋಗಿ ಸಂಜೆ ಹತ್ತಿರವಾದಾಗ ಒಂದು ದಿನ ರಜಾ ಹಾಕುತ್ತದೆ. ಮೊಟ್ಟೆಗೆಂದೇ ಬೆಳೆಸಿದ ತಳಿಗಳು ಮೊದಲ ವರ್ಷ 250ರಿಂದ 300 ಇಡುತ್ತವೆ, ನಾಟಿ ಕೋಳಿ ಅದರ ಹತ್ತಿರಕ್ಕೂ ಬರುವುದಿಲ್ಲ, ಹತ್ತು ಹದಿನೈದು ಇಟ್ಟು ಕಾವಿಗೆ ಕೂತರೆ ಮೊಟ್ಟೆ ಬಂದ್. ಹಗಲು 14 ಗಂಟೆಗಿಂತ ಕಮ್ಮಿಯಾದರೂ ಮೊಟ್ಟೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಗರಿ ಉದುರಿಸಿ ಹೊಸದು ಬರಿಸಿಕೊಳ್ಳುವಾಗ ಎರಡು ಮೂರು ತಿಂಗಳು ಪೂರ್ತಿ ನಿಂತರೂ ನಿಂತೀತು. ಒಳ್ಳೆ ತಳಿಯ ನಾಲ್ಕು ಹೇಂಟೆ ಇದ್ದರೆ ಚೆನ್ನಾಗಿ ಇಡುವ ಕಾಲದಲ್ಲಿ ವಾರಕ್ಕೆ ಇಪ್ಪತ್ತರ ಆಸುಪಾಸು, ಕೆಟ್ಟ ಕಾಲದಲ್ಲಿ ಸೊನ್ನೆ. ಸೊನ್ನೆ ಬಂದ ತಿಂಗಳಲ್ಲಿ ಇನ್ನೆರಡು ಕೋಳಿ ತರೋಣ ಅನಿಸುತ್ತದೆ. ಆ ತಿಂಗಳು ಮಾತ್ರ ತರಬೇಡಿ.

ಕೆಲಸದ ಮಟ್ಟಿಗೆ ಎರಡಕ್ಕೂ ನಾಲ್ಕಕ್ಕೂ ವ್ಯತ್ಯಾಸ ಇಲ್ಲ. ಅದೇ ಬಾಗಿಲು, ಅದೇ ಬಕೆಟ್ಟು. ಕೋಳಿಗೆ ದಿನಕ್ಕೆ 120 ಗ್ರಾಂ ಆಹಾರ ಅಂದರೆ ನಾಲ್ಕಕ್ಕೆ ಅರ್ಧ ಕಿಲೋ, ಲೀಟರ್ ನೀರು, ಸೆಕೆಯಲ್ಲಿ ಅದರ ಎರಡು ಪಟ್ಟು. ಹತ್ತು ಇದ್ದಾಗ ಹಿಕ್ಕೆಯೇ ದಿನಕ್ಕೆ ಕಿಲೋ ದಾಟುತ್ತಿತ್ತು, ಗೊಬ್ಬರದ ಗುಂಡಿ ತುಂಬಿ ಹೋಯಿತು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ನೀವು ನಾಲ್ಕು ದಿನ ಊರಿಗೆ ಹೋಗಬೇಕಾದರೆ ಪಕ್ಕದ ಮನೆಯವರು ನಾಲ್ಕು ಕೋಳಿಯನ್ನು ಖುಷಿಯಿಂದ ನೋಡಿಕೊಳ್ಳುತ್ತಾರೆ. ಹತ್ತು ಅಂದರೆ ಅವರಿಗೂ ಅದೇ ದಿನ ಎಲ್ಲಿಗೋ ಹೋಗುವುದಿರುತ್ತದೆ.

ಹಾಗಾದರೆ ಗೂಡು ಎಂಟಕ್ಕೆ ಯಾಕೆ? ಮೂರನೇ ವರ್ಷಕ್ಕೋಸ್ಕರ. ಮೊದಲ ವರ್ಷದ ನಂತರ ಪ್ರತಿ ವರ್ಷ ಮೊಟ್ಟೆ ಕಮ್ಮಿಯಾಗುತ್ತಾ ಹೋಗುತ್ತದೆ. ಆದರೆ ಕೋಳಿ ಚೆನ್ನಾಗಿ ನೋಡಿಕೊಂಡರೆ ಆರು ಏಳು ವರ್ಷ ಬದುಕುತ್ತದೆ. ಮೊಟ್ಟೆ ನಿಲ್ಲಿಸಿದ ಕೋಳಿಯನ್ನು ಏನು ಮಾಡುತ್ತೀರಿ ಅನ್ನುವುದನ್ನು ಮೊದಲ ಕೋಳಿ ತರುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಸಾರಿಗೆ ಹಾಕುತ್ತೇವೆ ಅನ್ನುವವರಿಗೆ ಚಿಕ್ಕ ಗೂಡೇ ಸಾಕು. ನಮ್ಮ ಮನೆಯಲ್ಲಿ ಹೆಸರಿಟ್ಟ ಮೇಲೆ ಆ ಮಾತು ಬಾಯಿಗೇ ಬರಲಿಲ್ಲ. ಹಾಗಿದ್ದಾಗ ಹಳೆಯವು ಹಾಗೇ ಇರುತ್ತವೆ, ಮೊಟ್ಟೆಗೆ ಹೊಸವು ಬರಲೇಬೇಕು, ಅವಕ್ಕೆ ಜಾಗ ಈಗಲೇ ಇರಬೇಕು. ಹೊಸವನ್ನು ಒಂದೊಂದಾಗಿ ತರಬೇಡಿ, ಜೋಡಿಯಾಗಿ ತನ್ನಿ, ಪೆಟ್ಟು ಹಂಚಿಹೋಗುತ್ತದೆ. ಮೊದಲು ಎರಡು ಮೂರು ವಾರ ದೂರ ಇಟ್ಟು ರೋಗ ಇಲ್ಲ ಅಂತ ನೋಡಿ, ಆಮೇಲೆ ಒಂದು ವಾರ ನಡುವೆ ಬರೀ ಜಾಲರಿ ಇರುವ ಹಾಗೆ ಪಕ್ಕಪಕ್ಕದಲ್ಲಿ ಬಿಟ್ಟು, ಕೊನೆಗೆ ಕತ್ತಲಾದ ಮೇಲೆ ಅಡ್ಡಕೋಲಿನ ಮೇಲೆ ಕೂರಿಸಿ.

ನಾಲ್ಕು ಹುಂಜವನ್ನು ಕೇಳಿದವರಿಗೆ ಕೊಟ್ಟೆ, ಐದನೆಯದನ್ನು ಯಾರೂ ಕೇಳದೆ ಅದು ತುಂಬಾ ದಿನ ನಮ್ಮಲ್ಲೇ ಇತ್ತು. ಆ ಹಳೆಯ ಹೇಂಟೆ ವಯಸ್ಸಾಗಿ ಹೋಯಿತು. ಗೂಡು ಕಿತ್ತು ಹೊಸದಾಗಿ ಕಟ್ಟಿದೆ. ಈಗ ಕೆಂಪಿ ಮತ್ತು ಆ ಬ್ಯಾಚಿನ ಮೂರು, ಸರಿಯಾಗಿ ನಾಲ್ಕು. ಹೋದ ತಿಂಗಳು ಇನ್ನೆರಡು ಬಂದಿವೆ. ಸಂಜೆ ಬಾಗಿಲು ಹಾಕಲು ಹೋದಾಗ ಅಡ್ಡಕೋಲಿನ ಮೇಲೆ ಇನ್ನೂ ಎರಡು ಕೋಳಿಗೆ ಜಾಗ ಇರುತ್ತದೆ, ಆದರೂ ಕೆಂಪಿ ನಡುವಿನ ಜಾಗ ಬಿಟ್ಟುಕೊಡುವುದಿಲ್ಲ. ಹೊಸದರಲ್ಲಿ ಚಿಕ್ಕದು ಮೆಲ್ಲಗೆ ಹತ್ತಿರ ಸರಿಯುತ್ತದೆ, ಕೆಂಪಿ ಕತ್ತಿನ ಗರಿ ಕೆದರುತ್ತದೆ, ಚಿಕ್ಕದು ವಾಪಸ್ ತುದಿಗೆ ಹೋಗಿ ಕೂರುತ್ತದೆ. ಪೊರಕೆ ಇನ್ನೂ ಬೇಕಾಗಿಲ್ಲ.