ಮಲ್ಟಿಮೀಟರ್‌ಗೆ ಕಾಣದ ಕುಸಿತ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ತರಬೇತಿ ಕೇಂದ್ರವೊಂದರಲ್ಲಿ ನಾನು ಅಪ್ರೆಂಟಿಸ್‌ಗಳಿಗೆ ಮೋಟಾರ್ ನಿಯಂತ್ರಣ ಕಲಿಸುತ್ತೇನೆ. ಈ ಬ್ಯಾಚಿಗೆ ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾದ, ತಾನಾಗಿ ಸರಿಯುವ ಕಿಟಕಿ ಪರದೆಯ ಮಾದರಿ ಕೊಟ್ಟಿದ್ದೆವು. ಪ್ರೋಗ್ರಾಮ್ ನಡೆಸುವ ನಿಯಂತ್ರಕ ಬೋರ್ಡ್ ಇಎಸ್‌ಪಿ32, ಅದು ಹೇಳಿದಂತೆ ಮೋಟಾರಿಗೆ ವಿದ್ಯುತ್ ಹರಿಸುವ ಎಲ್298ಎನ್ ಡ್ರೈವರ್, 12 ವೋಲ್ಟ್ ಗೇರ್ ಮೋಟಾರ್, ಪರದೆ ಕೊನೆ ಮುಟ್ಟಿದ್ದನ್ನು ತಿಳಿಯಲು ಎರಡೂ ತುದಿಗೆ ಲಿಮಿಟ್ ಸ್ವಿಚ್. ಇಂಡೆಂಟಿನಲ್ಲಿ (ಬೇಡಿಕೆ ಪಟ್ಟಿಯಲ್ಲಿ) 3 ಆಂಪಿಯರ್ ಅಡಾಪ್ಟರ್ ಎಂದು ಬರೆದಿದ್ದರೂ ಸ್ಟೋರ್ಸ್‌ನಿಂದ ಬಂದದ್ದು 1 ಆಂಪಿಯರ್‌ನದು.

ಆಡಳಿತ ವರ್ಗದವರು ನೋಡಲು ಬಂದಾಗ ಮೋಟಾರ್ ಹೊರಟ ಕ್ಷಣವೇ ಬೋರ್ಡ್ ರೀಸೆಟ್ ಆಯಿತು. ಸೀರಿಯಲ್ ಮಾನಿಟರ್‌ನಲ್ಲಿ ‘ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್’ ಎಂಬ ಸಾಲು, ಅಂದರೆ ಬೋರ್ಡಿಗೆ ಬರುವ ವೋಲ್ಟೇಜ್ ಕುಸಿದಿದೆ ಎಂಬ ಸೂಚನೆ, ಮೂಡಿತು. ಬೋರ್ಡ್ ಮತ್ತೆ ಎದ್ದು, ಹೋಮಿಂಗ್ (ಪರದೆಯನ್ನು ಆರಂಭದ ತುದಿಗೆ ಒಯ್ಯುವುದು) ಆರಂಭಿಸಿ, ಮತ್ತೆ ಬಿತ್ತು. ಪರದೆ ಬೆರಳಗಲ ಸರಿದು ನಿಲ್ಲುತ್ತಿತ್ತು, ಮತ್ತೆ ಬೆರಳಗಲ ಸರಿಯುತ್ತಿತ್ತು. ಎಲ್ಲರ ಕಣ್ಣೂ ಪ್ರೋಗ್ರಾಮ್ ಬರೆದ ಹುಡುಗಿಯ ಮೇಲಿತ್ತು. ಅಧಿಕಾರಿಯೊಬ್ಬರು ಮಲ್ಟಿಮೀಟರ್ ಹಿಡಿಸಿ, 12 ವೋಲ್ಟ್ ಸರಿಯಾಗಿಯೇ ಇದೆಯೆಂದು ನೋಡಿ, ರಿಜಿಸ್ಟರಿನಲ್ಲಿ ‘ಪ್ರೋಗ್ರಾಮ್ ದೋಷ’ ಎಂದು ಬರೆದು ಹೋದರು. ಆ ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದ ರೀತಿ ನನಗೆ ಈಗಲೂ ನೋವು ಕೊಡುತ್ತದೆ.

ವೋಲ್ಟೇಜಿನ ಕ್ಷಣಕ್ಷಣದ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಪಕ್ಕದ ಲ್ಯಾಬಿನಲ್ಲೇ ಇದ್ದರೂ ಅದನ್ನು ತರಲು ವಿಭಾಗ ಮುಖ್ಯಸ್ಥರ ಸಹಿ ಬೇಕು. ಸಹಿ ಸಿಕ್ಕ ಮೇಲೆ ಕುಸಿತದ ಕ್ಷಣವನ್ನೇ ಹಿಡಿಯುವಂತೆ ಟ್ರಿಗರ್ ಹಾಕಿ ನೋಡಿದರೆ, ಮೋಟಾರ್ ಹೊರಡುವ ಕೆಲವೇ ಮಿಲಿಸೆಕೆಂಡುಗಳಲ್ಲಿ 12 ವೋಲ್ಟ್ 5ರವರೆಗೂ ಕುಸಿಯುತ್ತಿತ್ತು. ಮಲ್ಟಿಮೀಟರ್ ತೋರಿಸುವುದು ಸರಾಸರಿಯನ್ನು. ಇಷ್ಟು ಚುರುಕಾದ ಕುಸಿತ ಅದಕ್ಕೆ ಸಿಗುವುದಿಲ್ಲ. ಓಡುವಾಗ 150 ಮಿಲಿಆಂಪಿಯರ್ ಸಾಕೆನ್ನುವ ಮೋಟಾರ್, ನಿಂತಲ್ಲಿಂದ ಹೊರಡುವಾಗ ಸ್ಟಾಲ್ ಕರೆಂಟಿನಷ್ಟನ್ನೇ (ತಿರುಗಲಾಗದೆ ಸಿಕ್ಕಿಕೊಂಡಾಗ ಎಳೆಯುವಷ್ಟನ್ನೇ), ಅಂದರೆ ಓಡುವಾಗಿನದರ ಹಲವು ಪಟ್ಟು, ಎಳೆಯುತ್ತದೆ. ಡ್ರೈವರ್ ಬೋರ್ಡಿನ 78ಎಂ05 ಎಂಬ ವೋಲ್ಟೇಜ್ ರೆಗ್ಯುಲೇಟರಿಗೆ ಸ್ಥಿರವಾದ 5 ವೋಲ್ಟ್ ಕೊಡಲು ಸುಮಾರು 7 ವೋಲ್ಟ್ ಒಳಬರಬೇಕು. ಅದರಿಂದಲೇ ಇಎಸ್‌ಪಿ32ಗೂ ವಿದ್ಯುತ್ ಕೊಟ್ಟಿದ್ದರಿಂದ ನಿಯಂತ್ರಕವೂ ಮೋಟಾರಿನೊಂದಿಗೇ ಕುಸಿಯಿತು.

ಇಎಸ್‌ಪಿ32ಗೆ ಪ್ರತ್ಯೇಕ 5 ವೋಲ್ಟ್ ಅಡಾಪ್ಟರ್ ಕೊಟ್ಟು, ಗ್ರೌಂಡ್‌ಗಳನ್ನು ಮಾತ್ರ ಸೇರಿಸಿದೆವು. ಮೋಟಾರ್ ಸಾಲಿಗೆ ಕೇಳಿದ್ದ ಅಡಾಪ್ಟರನ್ನೇ ತರಿಸಿ ಕ್ಷಣಿಕ ಕುಸಿತ ತಡೆಯಲು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆವು. ಮೋಟಾರಿಗೆ ಹೋಗುವ ಶಕ್ತಿಯನ್ನು ನಿಯಂತ್ರಿಸುವ ಪಿಡಬ್ಲ್ಯೂಎಂ ಸಂಕೇತ ನಿಧಾನವಾಗಿ ಏರುವಂತೆ ಮಾಡಿದ್ದು ಆ ಹುಡುಗಿಯೇ. ಲಿಮಿಟ್ ಸ್ವಿಚ್‌ಗಳನ್ನೂ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಸಹಿತ ಮೋಟಾರ್ ತಂತಿಯಲ್ಲೇ ಇಟ್ಟೆವು. ಪ್ರೋಗ್ರಾಮ್ ಕೈಕೊಟ್ಟರೂ ಪರದೆ ತುದಿಯಲ್ಲಿ ನಿಲ್ಲುತ್ತದೆ, ಹಿಂದಕ್ಕೆ ಮಾತ್ರ ಚಲಿಸುತ್ತದೆ.

ಸ್ಕೋಪಿನ ಚಿತ್ರ ಲಗತ್ತಿಸಿ, ರಿಜಿಸ್ಟರಿನ ಷರಾ ತಿದ್ದಬೇಕೆಂದು ಲಿಖಿತವಾಗಿ ಕೇಳಿದ್ದೇನೆ. ಅದು ಇನ್ನೂ ಹಾಗೆಯೇ ಇದೆ, ತಿದ್ದುವವರೆಗೂ ಕೇಳುತ್ತೇನೆ.