ಗಡುವು ನುಂಗಿದ ಯಂತ್ರ

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರು ಮನೆಗೆ ಸರಕಾರಿ ಕಾಗದ ಬಂದಾಗ ಮಲಯಾಳ ಬಲ್ಲವರನ್ನು ಹುಡುಕಿಕೊಂಡು ಹೋಗುವುದು ಇಂದಿಗೂ ತಪ್ಪಿಲ್ಲ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ವ್ಯವಹರಿಸಲು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಅವಕಾಶವಿದೆ. ಆದರೂ ಕೈಗೆ ಬರುವ ನೋಟಿಸು ಬಹುಮಟ್ಟಿಗೆ ಮಲಯಾಳದಲ್ಲೇ ಇರುತ್ತದೆ. ಹೀಗಾಗಿ ಮಲಯಾಳ-ಕನ್ನಡ ಯಂತ್ರಾನುವಾದ ನಮಗೆ ಬರಿಯ ಹವ್ಯಾಸವಲ್ಲ, ದಿನನಿತ್ಯದ ಅಗತ್ಯ.

ಈ ಅನುವಾದಕ್ಕೆಂದು ಬಿಡುವಿನಲ್ಲಿ ತಿದ್ದುತ್ತಾ ಬಂದ, ಯಾರೂ ತೆರೆದು ನೋಡಿ ಬದಲಿಸಬಹುದಾದ ಮುಕ್ತ ತಂತ್ರಾಂಶವನ್ನು ಮುಂದೆ ಯಾವ ದಾರಿಗೆ ಒಯ್ಯಬೇಕೆಂದು ತೀರ್ಮಾನಿಸಲು ನಾವು ಕೆಲವರು ಒಂದು ಆದಿತ್ಯವಾರ ಬದಿಯಡ್ಕದ ಸಮೀಪದ ವಾಚನಾಲಯದಲ್ಲಿ ಸೇರಿದೆವು. ಮಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ಹುಡುಗಿ, ಸರಕಾರಿ ಸೇವೆಗಳನ್ನು ಒದಗಿಸುವ ಅಕ್ಷಯ ಕೇಂದ್ರದಲ್ಲಿ ಜನರ ಅರ್ಜಿ ತುಂಬಿಕೊಡುವ ಯುವಕ, ಎರಡೂ ಭಾಷೆಗಳಲ್ಲಿ ಪಳಗಿದ ನಿವೃತ್ತ ಮಾಷ್ಟ್ರು, ನಾನು, ಇನ್ನೂ ಒಂದಿಬ್ಬರು.

ಅನುವಾದ ಕಲಿತು ಸಿದ್ಧವಾಗಿರುವ ಯಾವ ಗಣಕ ಮಾದರಿಯ ಮೇಲೆ ಕಟ್ಟುವುದು ಎಂಬ ಚರ್ಚೆ ಬೇಗ ಮುಗಿಯಿತು. ಮೆಟಾ 2022ರಲ್ಲಿ ಹೊರತಂದ ಎನ್‌ಎಲ್‌ಎಲ್‌ಬಿ-200ರಲ್ಲಿ ಇನ್ನೂರು ಭಾಷೆಗಳಿವೆ, ಆದರೆ ಅದರ ಪರವಾನಗಿ ವಾಣಿಜ್ಯ ಬಳಕೆಗೆ ಒಪ್ಪುವುದಿಲ್ಲ. ಅಕ್ಷಯ ಕೇಂದ್ರದವರು ಸೇವೆಗೆ ಶುಲ್ಕ ಪಡೆಯುತ್ತಾರೆ, ಅಲ್ಲಿ ತೊಡಕಾದೀತು. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಬಿಡುಗಡೆ ಮಾಡಿದ ಇಂಡಿಕ್‌ಟ್ರಾನ್ಸ್2 ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನೂ ಬಲ್ಲದು. ಎಂಐಟಿ ಎಂಬ ಮುಕ್ತ ಪರವಾನಗಿ ಇರುವುದರಿಂದ ಯಾರೂ ತಿದ್ದಬಹುದು, ಹಂಚಬಹುದು. ಅದರ ಕಿರಿದುಗೊಳಿಸಿದ ಆವೃತ್ತಿಯನ್ನು ಸಾಧಾರಣ ಲ್ಯಾಪ್‌ಟಾಪಿನಲ್ಲೇ ಓಡಿಸಬಹುದು. ಜನರ ಹೆಸರು, ಸರ್ವೆ ಸಂಖ್ಯೆ, ಆಧಾರ್ ವಿವರ ಇರುವ ಕಾಗದ ಊರು ಬಿಟ್ಟು ಯಾವುದೋ ಕಂಪೆನಿಯ ಸರ್ವರಿಗೆ ಹೋಗಬಾರದು ಎಂಬುದು ನನ್ನ ಹಟ. ಮುಕ್ತ ತಂತ್ರಾಂಶವೇ ಬೇಕು ಎನ್ನುವುದಕ್ಕೆ ನನಗೆ ಈ ಒಂದು ಕಾರಣ ಸಾಕು.

ಆಮೇಲೆ ಯುವಕ ಹೆಸರು ಅಳಿಸಿದ ಒಂದು ನೋಟಿಸನ್ನು ಮುಂದಿಟ್ಟ. ಜಮೀನಿಗೆ ಸಂಬಂಧಪಟ್ಟದ್ದು, ಇಡೀ ಪುಟಕ್ಕೆ ಹೆಚ್ಚುಕಡಿಮೆ ಒಂದೇ ವಾಕ್ಯ. ಪ್ರಯೋಗಕ್ಕೆಂದು ಇಳಿಸಿಕೊಂಡಿದ್ದ ಒಂದು ಮಾದರಿಗೆ ಹುಡುಗಿ ಅದನ್ನು ಉಣಿಸಿದಳು. ಕ್ಷಣದಲ್ಲಿ ಕನ್ನಡ ಬಂತು, ಪತ್ರಿಕೆಯಲ್ಲಿ ಓದುವಂಥ ಸರಾಗವಾದ ಕನ್ನಡ. ಎಲ್ಲರ ಮುಖ ಅರಳಿತು. ಮಾಷ್ಟ್ರು ಮಾತ್ರ ಮೂಲದ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು.

“ಹದಿನೈದು ದಿನ ಎಲ್ಲಿ ಹೋಯಿತು, ಮಗಳೇ?” ಎಂದು ಕೇಳಿದರು.

ಆಕ್ಷೇಪವಿದ್ದರೆ ಹದಿನೈದು ದಿನಗಳೊಳಗೆ ಸಲ್ಲಿಸಬೇಕು, ಇಲ್ಲವಾದರೆ ಮತ್ತೆ ತಿಳಿಸದೆ ತೀರ್ಮಾನಿಸಲಾಗುವುದು ಎಂದು ಮೂಲದಲ್ಲಿತ್ತು. ಯಂತ್ರದ ಕನ್ನಡದಲ್ಲಿ “ಆಕ್ಷೇಪವಿದ್ದರೆ ಸಲ್ಲಿಸಬಹುದು” ಎಂದಷ್ಟೇ ಇತ್ತು. ಅರ್ಜಿ ಹಾಕಿದ ಹೆಂಗಸೂ ಅದರಲ್ಲಿ ಗಂಡಸಾಗಿದ್ದರು. ಇದಕ್ಕೆ ಕಾರಣ ಊಹಿಸಬಹುದು: ಮಲಯಾಳದ ಕ್ರಿಯಾಪದ ಲಿಂಗವನ್ನು ತೋರಿಸುವುದಿಲ್ಲ, ಕನ್ನಡದ ‘ಬಂದನು’, ‘ಬಂದಳು’ ತೋರಿಸದೆ ಬಿಡುವುದಿಲ್ಲ, ಯಂತ್ರ ನಡುವೆ ಊಹೆಗೆ ಇಳಿಯುತ್ತದೆ. ಗಡುವು ಬಿಟ್ಟುಹೋದದ್ದು ಮಾತ್ರ ನನ್ನನ್ನು ನಡುಗಿಸಿತು. ಅಷ್ಟು ನಯವಾದ ವಾಕ್ಯ ಓದಿದವರಿಗೆ ಏನೋ ಕಳೆದಿದೆ ಎಂಬ ಅನುಮಾನವಾದರೂ ಎಲ್ಲಿಂದ ಬಂದೀತು? ಒಬ್ಬರ ಜಾಗ ಕೈತಪ್ಪಲು ಅಷ್ಟು ಸಾಕು.

ಸ್ಪೇನಿನ ಅಲಿಕಾಂತೆ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಅಪರ್ಟಿಯಂ ಎಂಬ ಹಳೆಯ ಮುಕ್ತ ತಂತ್ರಾಂಶವಿದೆ. ನಿಘಂಟು ಮತ್ತು ವ್ಯಾಕರಣದ ನಿಯಮಗಳ ಬಲದಿಂದ ಅದು ಕೆಲಸ ಮಾಡುತ್ತದೆ. ಅಪಾರ ವಾಕ್ಯಗಳನ್ನು ನೋಡಿ ತಾವೇ ಕಲಿಯುವ ಈಗಿನ ನರಜಾಲದ ಮಾದರಿಗಳಷ್ಟು ನಯವಾಗಿ ವಾಕ್ಯ ಕಟ್ಟಲು ಅದಕ್ಕೆ ಬಾರದು. ಆದರೆ ಗೊತ್ತಿಲ್ಲದ ಪದ ಬಂದರೆ ಅದರ ಮುಂದೆ ಒಂದು ನಕ್ಷತ್ರಚಿಹ್ನೆ ಹಾಕಿ ಹಾಗೆಯೇ ಬಿಡುತ್ತದೆ. ನಮ್ಮ ತಂತ್ರಾಂಶಕ್ಕೂ ಆ ಗುಣ ಬರಬೇಕು ಎಂದು ನಾನು ಪಟ್ಟು ಹಿಡಿದೆ. ಮೂಲದಲ್ಲಿರುವ ದಿನಾಂಕ, ಗಡುವು, ಮೊತ್ತ, ಸರ್ವೆ ಸಂಖ್ಯೆಗಳನ್ನು ಮೊದಲೇ ಹೆಕ್ಕಿಟ್ಟುಕೊಂಡು, ಅನುವಾದದಲ್ಲಿ ಒಂದು ಕಾಣೆಯಾದರೂ ಆ ಸಾಲನ್ನು ಕೆಂಪಾಗಿಸುವ ತಪಾಸಣೆ ಮೊದಲು ಆಗಬೇಕು. ಮಲಯಾಳದಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡು ಬರುವುದರಿಂದ ಅಕ್ಷರದಲ್ಲಿ ಬರೆದ ಸಂಖ್ಯೆಯನ್ನು ಹೆಕ್ಕುವುದು ಸುಲಭವಲ್ಲ. ಅದಕ್ಕೆ ಪದವನ್ನು ಬಿಡಿಬಿಡಿಯಾಗಿ ಬಿಡಿಸಿಕೊಡುವ ಮಲಯಾಳದ ಮುಕ್ತ ಪದರಚನಾ ವಿಶ್ಲೇಷಕ ಎಂಎಲ್‌ಮಾರ್ಫ್ ನೆರವಾಗಬಹುದು ಎಂದು ಹುಡುಗಿ ಹೇಳಿದಳು.

ಅನುವಾದ ಎಷ್ಟು ಸರಿ ಎಂದು ಅಳೆಯುವ ಅಳತೆಗೋಲಿನದೂ ಇದೇ ಕಥೆ. ಜಗತ್ತು ಬಳಸುವ ಫ್ಲೋರೆಸ್-200 ಪರೀಕ್ಷಾ ಕಂತೆಯ 1012 ವಾಕ್ಯಗಳು ಇಂಗ್ಲಿಷ್ ವಿಕಿ ಬರಹಗಳಿಂದ ಆಯ್ದವು. ಅದರಲ್ಲಿ ಒಳ್ಳೆಯ ಅಂಕ ಬಂದರೆ ಕೃಷಿ ಭವನದ ಸುತ್ತೋಲೆ ಸರಿಯಾದೀತು ಎಂದು ನಂಬುವಂತಿಲ್ಲ. ನಮ್ಮದೇ ಕಂತೆ ಬೇಕು. ಮಾದರಿಯನ್ನು ಪಳಗಿಸಲು ಬೇಕಾದ ಜೋಡಿ ವಾಕ್ಯಗಳಿಗೆ, ಎಂದರೆ ಮಲಯಾಳ ವಾಕ್ಯ ಮತ್ತು ಅದರದೇ ಕನ್ನಡಕ್ಕೆ, ಮಾಷ್ಟ್ರು ದಾರಿ ತೋರಿದರು. ಕೇರಳದ ಶಾಲೆಗಳಲ್ಲಿ ಒಂದೇ ಪಾಠ ಮಲಯಾಳದಲ್ಲೂ ಇದೆ, ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡದಲ್ಲೂ ಇದೆ. ಅಷ್ಟು ವರ್ಷ ಅವುಗಳನ್ನೇ ಕಲಿಸಿದವರ ಬಾಯಿಂದ ಆ ಮಾತು ಬಂದದ್ದು ನನಗೆ ಬಹಳ ಹಿಡಿಸಿತು. ಪುಸ್ತಕ ಬಳಸಲು ಅನುಮತಿ ಕೇಳಬೇಕು. ಹಳೆಯ ಕಡತಗಳು ಯುನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿದ್ದರೆ ಪರಿವರ್ತಿಸಬೇಕು. ಮಲಯಾಳದ ಮಟ್ಟಿಗೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಪಯ್ಯನ್ಸ್ ಎಂಬ ಪರಿವರ್ತಕ ಇದೆ.

ಯುವಕನಿಗೆ ತಾಳ್ಮೆ ಇರಲಿಲ್ಲ. “ದಿನವೂ ಜನ ಕಾಗದ ಹಿಡಿದು ಬರುತ್ತಾರೆ, ಮಾಷ್ಟ್ರೇ. ಈಗಲೇ ಆ್ಯಪ್ ಬಿಡೋಣ” ಎಂದ. ಮಾಷ್ಟ್ರಿಗೆ ಬೇರೆಯೇ ಭಯ: “ನಾಳೆ ಕಚೇರಿಯವರು, ಯಂತ್ರ ಇದೆಯಲ್ಲ, ಕನ್ನಡ ಬಲ್ಲ ಗುಮಾಸ್ತರು ಏಕೆ ಎಂದರೆ?” ಇಬ್ಬರ ಮಾತೂ ನಿಜ. ಆದರೆ ನಾನು ಮಾಷ್ಟ್ರ ಪರ. ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕನ್ನು ನಮ್ಮ ತಂತ್ರಾಂಶದ ಹೆಸರು ಹೇಳಿ ಯಾರೂ ಮೊಟಕುಗೊಳಿಸಬಾರದು. ಆದ್ದರಿಂದ ಪ್ರತಿ ಪುಟದ ತಲೆಯಲ್ಲಿ “ಯಂತ್ರಾನುವಾದ, ಅಧಿಕೃತವಲ್ಲ” ಎಂಬ ಸಾಲು ಅಳಿಸಲಾಗದಂತೆ ಅಚ್ಚಾಗಬೇಕು, ಗಡುವು ಮತ್ತು ಸಂಖ್ಯೆಗಳ ತಪಾಸಣೆ ಸಿದ್ಧವಾಗುವ ತನಕ ಆ್ಯಪ್ ಹೊರಗೆ ಹೋಗಬಾರದು ಎಂದು ಯೋಜನೆಯಲ್ಲಿ ಬರೆದುಕೊಂಡೆವು. ಯುವಕ ಪೂರ್ತಿ ಒಪ್ಪಲಿಲ್ಲ. ಆದರೂ ಪರೀಕ್ಷೆಗೆ ಬೇಕಾದ ನೋಟಿಸುಗಳನ್ನು ಜನರ ಒಪ್ಪಿಗೆ ಪಡೆದು, ಹೆಸರು ಅಳಿಸಿ ತಂದುಕೊಡುವ ಕೆಲಸವನ್ನು ತಾನೇ ವಹಿಸಿಕೊಂಡ. ಅವುಗಳ ಕನ್ನಡವನ್ನು ಮಾಷ್ಟ್ರು ಬರೆಯುತ್ತಾರೆ.