ಎಂಟು ಬುಟ್ಟಿ, ಒಂದು ಮರ: ಅಮ್ಮತ್ತಿ ಕಡೆಗೆ ಡಿಸ್ಕ್ ಗಾಲ್ಫ್ ಆಡಲು ಹೋಗುವವರಿಗೆ

ತಟ್ಟೆಯಂಥ ಡಿಸ್ಕನ್ನು ಎಸೆದು, ಕಂಬದ ಮೇಲಿನ ಸರಪಳಿ ಬುಟ್ಟಿಗೆ ಬೀಳಿಸುವ ಆಟ ಡಿಸ್ಕ್ ಗಾಲ್ಫ್. ಮೊದಲು ಜಗಳದ ವಿಷಯ ಮುಗಿಸಿಬಿಡುತ್ತೇನೆ. ಕೊಡಗಿನಲ್ಲಿ 'ಡಿಸ್ಕ್ ಗಾಲ್ಫ್ ಸೌಲಭ್ಯವಿರುವ ಹೋಮ್‌ಸ್ಟೇ' ಎಂಬ ಜಾಹೀರಾತು ನೋಡಿ ಮುಂಗಡ ಕಟ್ಟುವ ಮುನ್ನ ಫೋನಿನಲ್ಲಿಯೇ ಒಂದು ಪ್ರಶ್ನೆ ಕೇಳಿ: ಬುಟ್ಟಿಗಳು ಎಷ್ಟಿವೆ? ನಾವು ಉಳಿದುಕೊಂಡ ಕಡೆ ಇದ್ದದ್ದು ಒಂದೇ ಒಂದು. ಅದನ್ನೂ ಹುಲ್ಲುಹಾಸಿನ ಮೇಲೆ, ಜೋಕಾಲಿಯ ಪಕ್ಕದಲ್ಲಿ, ಬಂದವರು ಕೈಯಿಟ್ಟು ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು ನೆಟ್ಟಿದ್ದಾರೆ. ಜಾಹೀರಾತಿನಲ್ಲಿ ಕಂಡ ಚಿತ್ರ, ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರಗಳ ಸಾಲಿನ ನಡುವೆ ಸರಪಳಿ ಇಳಿಬಿಟ್ಟ ಬುಟ್ಟಿ, ಅವರ ಜಾಗದ್ದೇ ಅಲ್ಲ, ಬೇರೆಯವರ ತೋಟದ್ದು. ಕೇಳಿದರೆ ಮ್ಯಾನೇಜರ್, "ಅದು ಇಲ್ಲೇ ಹತ್ತಿರ ಸರ್, ನಡೆದೇ ಹೋಗಬಹುದು" ಎಂದ. ಹೋಗಬಹುದು, ನಡುವೆ ಬರುವ ಗದ್ದೆ ಬಯಲನ್ನೂ ಎರಡು ತೋಟಗಳ ಸೋಲಾರ್ ಬೇಲಿಯನ್ನೂ ದಾಟುವ ಧೈರ್ಯವಿದ್ದರೆ.

ಆ ಕೋಣೆಗೆ ದಿನಕ್ಕೆ 4,500 ರೂಪಾಯಿ. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ. ಕಂಬಳಿಗೆ ಮುಗ್ಗಲು ವಾಸನೆ. ಕೊಡಗಿನಲ್ಲಿ ಮಳೆಗಾಲ ಮುಗಿದ ಮೇಲೂ ಅರಿವೆ ಒಣಗುವುದು ಕಷ್ಟ ಎಂಬುದು ಗೊತ್ತಿದೆ, ಆದರೆ ಆ ದುಡ್ಡಿಗೆ ಒಂದು ದಿನ ಬಿಸಿಲಿಗೆ ಹಾಕಬಹುದಿತ್ತು. ರಾತ್ರಿಯ ಊಟಕ್ಕೆ ಗೋಬಿ ಮಂಚೂರಿ, ಪನೀರ್. ಕೊಡಗಿನ ಅಕ್ಕಿ ಉಂಡೆ ಕಡಂಬುಟ್ಟು ಕೇಳಿದರೆ ಹಿಂದಿನ ದಿನವೇ ಹೇಳಬೇಕಿತ್ತಂತೆ. ಹುಲ್ಲುಹಾಸಿನಲ್ಲಿ ಬೆಂಕಿ ಹಾಕಿ, ಅದರ ಸುತ್ತ ಧ್ವನಿವರ್ಧಕ ಇಟ್ಟು, ಯಾವುದೋ ಕಂಪನಿಯ ನೌಕರರ ತಂಡ ನಡುರಾತ್ರಿಯವರೆಗೆ ಕುಣಿಯಿತು. ಆ ಬೆಂಕಿಯ ಹತ್ತಿರಕ್ಕೂ ನಾವು ಹೋಗಿರಲಿಲ್ಲ. ಆದರೂ ಬಿಲ್ಲಿನಲ್ಲಿ ಅದಕ್ಕೆ 600 ರೂಪಾಯಿ. ಅದರ ಕೆಳಗೆ 'ಚಟುವಟಿಕೆ ಶುಲ್ಕ' ಎಂದು ತಲೆಗೆ 300. ಯಾವ ಚಟುವಟಿಕೆ ಎಂದು ಕೇಳಿದಾಗ ಆತ ಕಿಟಕಿಯ ಆಚೆ ಆ ಒಂಟಿ ಬುಟ್ಟಿಯ ಕಡೆಗೆ ಕೈ ತೋರಿಸಿದ. ವಾದ ಮಾಡಿ ಬೆಂಕಿಯ ದುಡ್ಡನ್ನು ತೆಗೆಸಿದೆ. ಬುಟ್ಟಿಯ ದುಡ್ಡು ಹೋಯಿತು.

ಗದ್ದಲದ ವಿಷಯದಲ್ಲಿ ನಾನು ಸ್ವಲ್ಪ ವಿಚಿತ್ರ ಮನುಷ್ಯ. ಬಸ್ ನಿಲ್ದಾಣದ ಎದುರಿನ ಲಾಡ್ಜ್‌ನಲ್ಲಿ ಹಾರ್ನ್ ಕೇಳುತ್ತಾ ಚೆನ್ನಾಗಿ ನಿದ್ದೆ ಮಾಡುತ್ತೇನೆ, ಪಕ್ಕದ ಕೋಣೆಯವರ ಸಂತೋಷ ಮಾತ್ರ ತಡೆಯುವುದಿಲ್ಲ. ಹಾಗಾಗಿ ನನ್ನ ಸಲಹೆಯನ್ನು ಅಷ್ಟು ಕಳೆದು ಓದಿಕೊಳ್ಳಿ: ವಿರಾಜಪೇಟೆಯಲ್ಲಿಯೋ ಗೋಣಿಕೊಪ್ಪದಲ್ಲಿಯೋ ಸಾಧಾರಣ ಲಾಡ್ಜ್ ಹಿಡಿಯಿರಿ, ಬೆಳಿಗ್ಗೆ ಬಸ್ಸಿನಲ್ಲಿ ಅಮ್ಮತ್ತಿಗೆ ಬನ್ನಿ. ಮರುದಿನದಿಂದ ನಾವು ಮಾಡಿದ್ದು ಅದನ್ನೇ. ಕೊಡಗಿನಲ್ಲಿ ರೈಲು ಇಲ್ಲ. ಮೈಸೂರಿನಿಂದ ಹುಣಸೂರು, ತಿತಿಮತಿ, ಗೋಣಿಕೊಪ್ಪದ ಮೇಲೆ ವಿರಾಜಪೇಟೆಗೆ ಬಸ್ಸುಗಳಿವೆ. ಅಲ್ಲಿಂದ ಸಿದ್ದಾಪುರದ ಬಸ್ ಹತ್ತಿದರೆ ದಾರಿಯಲ್ಲಿಯೇ ಅಮ್ಮತ್ತಿ ಸಿಗುತ್ತದೆ.

ಅಮ್ಮತ್ತಿಯಲ್ಲಿ ಇಳಿದ ಮೇಲೆ ಆಟೋದವರಿಗೆ 'ಗಾಲ್ಫ್' ಎಂದು ಮಾತ್ರ ಹೇಳಬೇಡಿ. ಕೊಡಗಿನಲ್ಲಿ ನಿಜವಾದ ಗಾಲ್ಫ್ ಮೈದಾನಗಳು ಮಡಿಕೇರಿಯಲ್ಲಿವೆ, ಬಿಟ್ಟಂಗಾಲದಲ್ಲಿವೆ, ಪಾಲಿಬೆಟ್ಟದಲ್ಲಿವೆ; ಬ್ರಿಟಿಷ್ ತೋಟಗಾರರ ಕಾಲದಿಂದ ಈ ಸೀಮೆಗೆ ಆ ಆಟ ಹೊಸದಲ್ಲ. ನಮ್ಮ ಆಟೋದವನು ಆ ಪದ ಕೇಳಿದ್ದೇ ತಡ, ಪಾಲಿಬೆಟ್ಟದ ರಸ್ತೆಗೆ ತಿರುಗಿಸಿದ. ಅರ್ಧ ದಾರಿಯಲ್ಲಿ ನನ್ನ ಅಕ್ಕನ ಮಗ ಚೀಲದಿಂದ ಒಂದು ಡಿಸ್ಕ್ ತೆಗೆದು ತೋರಿಸಿದಾಗ, "ಓ, ತಟ್ಟೆ ಎಸೆಯುವುದಾ, ಮೊದಲೇ ಹೇಳಬೇಕಲ್ಲ" ಎಂದು ನಗುತ್ತಾ ಹಿಂದಕ್ಕೆ ತಿರುಗಿಸಿದ. ತಿರುಗಿಸಿದ ದೂರಕ್ಕೂ ಬಾಡಿಗೆ ತೆಗೆದುಕೊಂಡ, ಅದು ಬೇರೆ ಮಾತು. ಡಿಸ್ಕ್ ಕೈಯಲ್ಲಿ ಹಿಡಿದುಕೊಂಡೇ ಹತ್ತಿ.

ಈಗ ಆಟದ ಜಾಗ, ಅಂದರೆ ಆ ಚಿತ್ರದಲ್ಲಿ ಕಂಡ ತೋಟ. ಒಂದು ಕುಟುಂಬದ ಬಾಣೆ ಜಾಗ (ಗದ್ದೆಗೆ ಸೇರಿದ ಎತ್ತರದ ಹುಲ್ಲುಗಾವಲು), ಅದರ ಕೆಳಗೆ ಕಾಫಿ, ಅದಕ್ಕೂ ಕೆಳಗೆ ಗದ್ದೆ. ಯಜಮಾನರು ಸೇನೆಯಿಂದ ನಿವೃತ್ತರಾದವರು. ಮಗಳು ಅಮೆರಿಕದಲ್ಲಿ ಓದುವಾಗ ಈ ಆಟ ಕಲಿತು ಬಂದಳಂತೆ. ಇದು ಪ್ರವಾಸಿಗರಿಗಾಗಿ ಮಾಡಿದ್ದಲ್ಲ. ಸುತ್ತಮುತ್ತಲಿನ ಮನೆಗಳ ಮಕ್ಕಳೂ ತೋಟದ ಕೆಲಸಗಾರರ ಲೈನ್‌ಮನೆಯ ಮಕ್ಕಳೂ ಶಾಲೆ ಬಿಟ್ಟ ಮೇಲೆ ಬಂದು ಆಡುತ್ತಾರೆ, ಅವರಿಗೆ ಉಚಿತ. ಹೊರಗಿನವರಿಗೆ 100 ರೂಪಾಯಿ, ಡಿಸ್ಕ್ ಬೇಕಾದರೆ ಇನ್ನು 50. ಕಣದ ಬದಿಯ ಗೋದಾಮಿನಲ್ಲಿ ಒಂದು ನೋಟ್ ಪುಸ್ತಕ ತೂಗುಹಾಕಿದೆ, ಹೆಸರು ಬರೆದು ಡಬ್ಬಿಗೆ ದುಡ್ಡು ಹಾಕಬೇಕು. ಮೊಬೈಲ್ ಸಂಪರ್ಕ ಬಂದು ಹೋಗುತ್ತಿರುತ್ತದೆ, ಫೋನಿನಿಂದ ಹಣ ಕಳುಹಿಸುವ ಭರವಸೆ ಬೇಡ. ಚಿಲ್ಲರೆ ಇಟ್ಟುಕೊಳ್ಳಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕಟ್ಟೆಯ ಮೇಲೆ ನಿಂತು ಡಿಸ್ಕ್ ಎಸೆಯುತ್ತೀರಿ. ಬಿದ್ದ ಜಾಗದಿಂದ ಮತ್ತೆ ಎಸೆಯುತ್ತೀರಿ. ಬುಟ್ಟಿಗೆ ಬೀಳುವವರೆಗೆ ಎಷ್ಟು ಎಸೆತವೋ ಅಷ್ಟು ಅಂಕ, ಕಡಿಮೆ ಇದ್ದವರು ಗೆದ್ದರು. ಬುಟ್ಟಿಯಿಂದ ಯಾರು ದೂರವಿದ್ದಾರೋ ಅವರ ಸರದಿ ಮೊದಲು. ಬುಟ್ಟಿಗೆ ಹತ್ತು ಮೀಟರ್ ಒಳಗೆ ಬಂದ ಮೇಲೆ ಎಸೆದ ವೇಗದಲ್ಲಿ ಮುಂದಕ್ಕೆ ಹೆಜ್ಜೆ ಇಡುವಂತಿಲ್ಲ, ನಿಂತು ಸಮತೋಲನ ತೋರಿಸಬೇಕು. ಯಜಮಾನರು ಈ ಕೊನೆಯ ನಿಯಮದಲ್ಲಿ ಬಹಳ ಬಿಗಿ. ದೂರದ ಜಗಲಿಯಲ್ಲಿ ಕುಳಿತಿದ್ದರೂ, "ಕಾಲು! ಕಾಲು!" ಎಂದು ಕೂಗುತ್ತಾರೆ.

ಮೊದಲ ಎರಡು ಬುಟ್ಟಿಗಳು ಬಾಣೆಯ ಹುಲ್ಲಿನಲ್ಲಿ, ಯಾರಿಗಾದರೂ ಸುಲಭ. ಮೂರನೆಯದರಲ್ಲಿ ಕಷ್ಟ ಶುರು. ತೋಟದ ಜೀಪ್ ಹೋಗುವ ದಾರಿಯೇ ಎಸೆಯುವ ದಾರಿ. ಎರಡೂ ಕಡೆ ಆಳೆತ್ತರದ ರೊಬಸ್ಟಾ ಕಾಫಿ ಗಿಡ. ಬಲಗೈಯವರು ಮಾಮೂಲಿನಂತೆ ಎದೆಯ ಅಡ್ಡದಿಂದ ಬೀಸಿ ಎಸೆದರೆ ಡಿಸ್ಕ್ ವೇಗ ಕಳೆದುಕೊಳ್ಳುತ್ತಾ ಎಡಕ್ಕೆ ವಾಲುತ್ತದೆ, ಅದು ಅದರ ಗುಣ. ಎಡಕ್ಕೆ ವಾಲಿದರೆ ಕಾಫಿಯೊಳಗೆ, ಕಾಫಿಯೊಳಗೆ ಹೋದರೆ ಹುಡುಕಾಟ. ಅಕ್ಕನ ಮಗ ಎಡಗೈಯವನು. ಅವನ ಡಿಸ್ಕ್ ದಾರಿಯ ತಿರುವಿನ ಜೊತೆಯಲ್ಲಿಯೇ ಬಲಕ್ಕೆ ತಿರುಗಿ ಬುಟ್ಟಿಯ ಪಕ್ಕದಲ್ಲಿ ಕುಳಿತುಕೊಂಡಿತು, ಆಮೇಲೆ ಮೈಸೂರು ತಲುಪುವವರೆಗೆ ಅದೇ ಮಾತು. ಬಲಗೈಯವರು ಇಲ್ಲಿ ಆಸೆ ಬಿಟ್ಟು ಪಟರ್ (ಹತ್ತಿರದ ಎಸೆತದ ಡಿಸ್ಕ್) ಹಿಡಿಯಿರಿ, ಎರಡು ಎಸೆತದಲ್ಲಿ ದಾಟುವ ಲೆಕ್ಕ ಹಾಕಿ.

ನಾಲ್ಕನೆಯದಕ್ಕೆ ಬುಟ್ಟಿಯೇ ಇಲ್ಲ. ಒಂದು ಸಿಲ್ವರ್ ಮರ, ಅದರ ಸುತ್ತ ಸೊಂಟದ ಎತ್ತರದಲ್ಲಿ ಬಿಳಿ ಬಣ್ಣದ ಪಟ್ಟೆ. ಪಟ್ಟೆಗೆ ತಾಗಿದರೆ ಮುಗಿಯಿತು. ತಾಗಿತೋ ಇಲ್ಲವೋ ಎಂದು ನಾವು ಕಿತ್ತಾಡಿದ್ದು ಅಲ್ಲಿ. ಈ ಆಟದ ಇತಿಹಾಸದಲ್ಲಿಯೇ ಇದೇ ಜಗಳವಿದೆ: 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಎಡ್ ಹೆಡ್ರಿಕ್ ಮೊದಲ ಅಂಕಣ ಮಾಡಿದಾಗ ಗುರಿಯಾಗಿ ನೆಟ್ಟದ್ದು ಬರೀ ಕಂಬಗಳನ್ನು. ತಾಗಿತು, ತಾಗಲಿಲ್ಲ ಎಂಬ ವಾದ ತೀರಲಿ ಎಂದೇ ಅವರು ಸರಪಳಿಯ ಬುಟ್ಟಿ ರೂಪಿಸಿದರು. ಯಜಮಾನರಿಗೆ ಇದು ಚೆನ್ನಾಗಿ ಗೊತ್ತು. ಒಂಬತ್ತನೆಯ ಬುಟ್ಟಿಗೆ ದುಡ್ಡು ಸಾಲಲಿಲ್ಲವೇ ಎಂದರೆ, "ಜಗಳ ಇಲ್ಲದಿದ್ದರೆ ಆಟ ಯಾಕೆ?" ಎಂದರು.

ಬುಟ್ಟಿಗಳನ್ನು ಮಾಡಿದ್ದು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ. ಕಬ್ಬಿಣದ ಸಲಾಕೆ ಬಗ್ಗಿಸಿ, ಹಾರ್ಡ್‌ವೇರ್ ಅಂಗಡಿಯ ಸರಪಳಿ ಇಳಿಬಿಟ್ಟದ್ದು. ಸರಪಳಿಯ ಕೆಲಸ ಡಿಸ್ಕಿನ ವೇಗವನ್ನು ಹೀರಿ ಕೆಳಗಿನ ತೊಟ್ಟಿಗೆ ಬೀಳಿಸುವುದು. ಇಲ್ಲಿಯ ಸರಪಳಿ ತೀರಾ ದಪ್ಪ, ಎಳೆಗಳೂ ಕಡಿಮೆ. ಜೋರಾಗಿ ಎಸೆದರೆ ಠಣ್ ಎಂದು ಹಿಂದಕ್ಕೆ ಚಿಮ್ಮುತ್ತದೆ. ಬೆಂಗಳೂರಿನ ಮೈದಾನಗಳಲ್ಲಿ ಅಲ್ಟಿಮೇಟ್ (ತಂಡ ಕಟ್ಟಿ ಆಡುವ ಫ್ರಿಸ್ಬಿ ಆಟ) ಆಡಿ ಬಂದ ನನ್ನ ಗೆಳೆಯ ತನ್ನ ತೋಳಿನ ಬಲವನ್ನೆಲ್ಲ ಇಲ್ಲಿ ಸುರಿದು ಸುಸ್ತಾದ. ಮೆತ್ತಗೆ, ಸ್ವಲ್ಪ ಎತ್ತರಕ್ಕೆ ಎಸೆಯಿರಿ, ಉಳಿಯುತ್ತದೆ. ಆರನೆಯದರ ಬುಟ್ಟಿ ಮಾತ್ರ ಇಳಿಜಾರಿನ ಅಂಚಿನಲ್ಲಿದೆ. ತಪ್ಪಿದ ಡಿಸ್ಕ್ ಅಂಚಿನ ಮೇಲೆ ನಿಂತು ಉರುಳಲು ಶುರುಮಾಡಿದರೆ ಕೆಳಗಿನ ತೋಡಿನವರೆಗೆ ನಿಲ್ಲುವುದಿಲ್ಲ. ಇದನ್ನು ಬದಲಿಸಲೇಬೇಕು, ಹೇಳಿಯೂ ಬಂದಿದ್ದೇನೆ.

ಕೊನೆಯದು ನಿಜವಾಗಿಯೂ ಚೆಂದ. ಬಾಣೆಯ ಅಂಚಿನಿಂದ ಕೆಳಗಿನ ಗದ್ದೆಗೆ ಎಸೆಯಬೇಕು. ಪೈರು ನಿಂತಿರುವಾಗ ಗದ್ದೆ ಎಲ್ಲೆಯ ಹೊರಗೆ, ಬಿದ್ದರೆ ಒಂದು ಎಸೆತದ ದಂಡ, ಬುಟ್ಟಿಯನ್ನು ಬದುವಿನ ಈಚೆಗೆ ತಂದು ಇಟ್ಟಿರುತ್ತಾರೆ. ವರ್ಷದ ಕೊನೆಗೆ ಬರುವ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದು ಕೊಯ್ಲಾದ ಮೇಲೆ ಬುಟ್ಟಿ ಗದ್ದೆಯ ನಡುವಿಗೆ ಹೋಗುತ್ತದೆ. ಎತ್ತರದಿಂದ ಬಿಟ್ಟ ಡಿಸ್ಕ್ ಗದ್ದೆಯ ಮೇಲೆ ತೇಲುತ್ತಾ ಹೋಗುವ ಹೊತ್ತು ಎಷ್ಟೆಂದರೆ, ಎಸೆದವನಿಗೆ ಅದನ್ನು ಬೈಯಲೂ ಹೊಗಳಲೂ ಸಮಯ ಸಿಗುತ್ತದೆ. ಐದು, ಏಳು, ಎಂಟರ ಬಗ್ಗೆ ಹೇಳುವಂಥದ್ದೇನಿಲ್ಲ. ಏಳು ಹಲಸಿನ ಮರದ ಕೆಳಗಿದೆ ಎಂಬುದನ್ನು ಮಾತ್ರ ನೆನಪಿಡಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಸಿಲ್ವರ್ ಮರಗಳಿಗೆಲ್ಲ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಡಿಸ್ಕ್ ಬಳ್ಳಿಯಲ್ಲಿ ಸಿಕ್ಕಿಕೊಂಡರೆ ಕಲ್ಲು ಎಸೆಯುವುದು, ಬಳ್ಳಿ ಜಗ್ಗುವುದು ಬೇಡ. ಆ ಬಳ್ಳಿಯಲ್ಲಿ ತೂಗುತ್ತಿರುವುದು ಆ ಮನೆಯ ವರ್ಷದ ಆದಾಯ. ಮೆಣಸು ಕೊಯ್ಯುವ ಏಣಿ ಗೋದಾಮಿನ ಗೋಡೆಗೆ ಒರಗಿಸಿದೆ. ಅಲ್ಲಿ ಕೆಲಸ ಮಾಡುವ ಅಣ್ಣನನ್ನು ಕರೆದರೆ ಬಂದು ತೆಗೆದುಕೊಡುತ್ತಾರೆ. ಅವರ ಕೈಗೆ ಏನಾದರೂ ಕೊಡಿ.

ಡಿಸ್ಕ್ ನಿಮ್ಮದೇ ಇದ್ದರೆ ಒಳ್ಳೆಯದು. ಅಲ್ಲಿ ಬಾಡಿಗೆಗೆ ಸಿಗುವುದರ ಅಂಚುಗಳು ಸವೆದು ಹೋಗಿವೆ. ಕಡಲತೀರದಲ್ಲಿ ಆಡುವ ದೊಡ್ಡ ಫ್ರಿಸ್ಬಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಗಾಲ್ಫ್ ಡಿಸ್ಕ್ ಚಿಕ್ಕದು, ಅಂಚು ಚೂಪು, ಮೈಗೆ ತಾಗಿದರೆ ನೋವಾಗುತ್ತದೆ. ಆದ್ದರಿಂದ ಎದುರಿಗೆ ಕೆಲಸದವರು ಯಾರಾದರೂ ಇದ್ದರೆ ಅವರು ದಾಟುವವರೆಗೆ ಕಾಯಿರಿ. ಹೊಸಬರಿಗೆ 150 ಗ್ರಾಂ ಆಸುಪಾಸಿನ ಹಗುರ ಡಿಸ್ಕ್ ಸಾಕು. ಒಂದು ಪಟರ್, ಮಧ್ಯಮ ದೂರಕ್ಕೆ ಒಂದು ಮಿಡ್‌ರೇಂಜ್ ಇದ್ದರೆ ಈ ಜಾಗವನ್ನು ಪೂರ್ತಿ ಆಡಬಹುದು, ಬಹುದೂರ ಹಾರುವ ಡ್ರೈವರ್ ಡಿಸ್ಕ್ ತಂದರೆ ಕಳೆದುಕೊಂಡು ಹೋಗುತ್ತೀರಿ. ಬಣ್ಣ ನೋಡಿ ಆರಿಸಿ. ಹಸಿರು ಎಲೆಯಲ್ಲಿ ಹಸಿರು ಮಾಯ, ಒಣಗಿದ ತರಗೆಲೆಯಲ್ಲಿ ಹಳದಿ ಮಾಯ, ಹಣ್ಣಾದ ಕಾಫಿಯ ನಡುವೆ ಕೆಂಪು ಮಾಯ. ನೀಲಿ ಅಥವಾ ಢಾಳಾದ ಗುಲಾಬಿ ತನ್ನಿ.

ಇನ್ನು ಊಟ. ರಸ್ತೆಯ ಬದಿಯಲ್ಲಿ, ಆಟದ ಜಾಗಕ್ಕೆ ತಿರುಗುವ ಮೊದಲು, ಹೆಂಚಿನ ಒಂದು ಹೋಟೆಲ್ ಇದೆ. ಹೆಸರಿನ ಹಲಗೆ ಇಲ್ಲ, ನಾಲ್ಕು ಬೆಂಚು. ಈ ಪ್ರವಾಸದಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇಲ್ಲಿ ತಿನ್ನುವುದನ್ನು ಪಾಲಿಸಿ. ಬೆಳಿಗ್ಗೆ ಪುಟ್ಟು, ಕಡಲೆ ಕರಿ. ಕೇರಳದ ಕಡೆಯಿಂದ ಬಂದು ನೆಲೆಸಿದವರು ಈ ಭಾಗದಲ್ಲಿ ಬಹಳ, ಆ ರುಚಿ ಊರಿನದ್ದೇ ಆಗಿಬಿಟ್ಟಿದೆ. ಹನ್ನೊಂದರ ಹೊತ್ತಿಗೆ ಕಡಂಬುಟ್ಟು ಇಳಿಯುತ್ತದೆ. ಅಕ್ಕಿ ತರಿಯ ಉಂಡೆಗಳು, ಆವಿಯಿಂದ ಆಗ ತಾನೇ ತೆಗೆದದ್ದು, ಮುರಿದರೆ ಒಳಗಿನಿಂದ ಹೊಗೆ. ಜೊತೆಗೆ ಪಂದಿ ಕರಿ. ಹೋಮ್‌ಸ್ಟೇಗಳಲ್ಲಿ ಪ್ರವಾಸಿಗರಿಗೆಂದು ಮಾಡುವ, ಕೆಂಪಗೆ ತೇಲುವ ಪಂದಿ ಕರಿ ಅಲ್ಲ. ಹುರಿದ ಕೊತ್ತಂಬರಿ ಬೀಜ, ಕಾಳುಮೆಣಸು ಎದ್ದು ಕಾಣುವ, ಕಡೆಯಲ್ಲಿ ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿ ಹಾಕಿ ಕಪ್ಪಗಾಗಿಸಿದ ದಪ್ಪ ಮಸಾಲೆ. ಆ ಹುಳಿ ನಾಲಿಗೆಯ ಬದಿಯಲ್ಲಿ ಬಹಳ ಹೊತ್ತು ಇರುತ್ತದೆ. ಅಲ್ಲಿಯ ಅಕ್ಕ ಬಾಟಲಿಯಿಂದ ಕಾಚಂಪುಳಿಯ ಒಂದು ಹನಿಯನ್ನು ನನ್ನ ಅಂಗೈಗೆ ಹಾಕಿ, "ಅಂಗಡಿಯಲ್ಲಿ ಸಿಗುವುದು ನೀರು, ಇದನ್ನು ನೋಡಿ" ಎಂದರು. ಹಂದಿ ತಿನ್ನದವರಿಗೆ ಕಡಲೆ ಕರಿ, ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು), ಸಿಕ್ಕಿದರೆ ಅಣಬೆ. ಕೊನೆಗೆ ಬೆಲ್ಲದ ಕಾಫಿ, ಹಾಲಿಲ್ಲದೆ. ಮೂವರೂ ಹೊಟ್ಟೆ ಬಿರಿಯುವಷ್ಟು ತಿಂದು 340 ರೂಪಾಯಿ ಕೊಟ್ಟೆವು. ಬೆಂಕಿಗೆಂದು ಆ ಮ್ಯಾನೇಜರ್ 600 ಕೇಳಿದ್ದನ್ನು ಅಲ್ಲಿ ಕುಳಿತು ಇನ್ನೊಮ್ಮೆ ನೆನೆಸಿಕೊಂಡು ಬೈದೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ. ತೋಟದ ಕೆಲಸದವರು ಊಟಕ್ಕೆ ಬಂದರೆ ಪಂದಿ ಕರಿ ಉಳಿಯುವುದಿಲ್ಲ.

ಯಾವಾಗ ಹೋಗಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ; ಮಳೆ, ಜಾರಿಕೆ, ಜಿಗಣೆ. ಅಕ್ಟೋಬರ್‌ನಲ್ಲೂ ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಜನವರಿಯಲ್ಲಿ ರೊಬಸ್ಟಾ ಕೊಯ್ಲು ಬಿರುಸಾದರೆ ಮೂರನೆಯ ಗುರಿಯಿಂದ ಐದನೆಯದರವರೆಗಿನ ದಾರಿಗಳನ್ನು ಮುಚ್ಚುತ್ತಾರೆ. ಮಾರ್ಚ್, ಏಪ್ರಿಲ್‌ನ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಆ ದಿನಗಳಲ್ಲಿ ತೋಟದೊಳಗೆ ಯಾರನ್ನೂ ಬಿಡುವುದಿಲ್ಲ, ಹೂವು ಉದುರಿದರೆ ಫಸಲು ಹೋದಂತೆ. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬವೂ ಇರುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ್ದು, ಈಗ ನೂರಾರು ಕುಟುಂಬಗಳ ತಂಡಗಳು ಬರುತ್ತವೆ. ಹಬ್ಬ ನಡೆಯುವ ಊರಿನ ಸುತ್ತ ಕೋಣೆ ಸಿಗುವುದು ಕಷ್ಟ. ಹಲಸು ಹಣ್ಣಾಗುವ ಕಾಲಕ್ಕೆ ಏಳನೆಯ ಬುಟ್ಟಿಯನ್ನು ಕಳಚಿ ಒಳಗಿಡುತ್ತಾರೆ, ಆ ಮರಕ್ಕೆ ಆನೆ ಬರುತ್ತದೆ. ಎಲ್ಲ ಕಳೆದರೆ ಉಳಿಯುವುದು ಪುತ್ತರಿಯ ನಂತರದ ಕೆಲವು ವಾರಗಳು. ಗದ್ದೆ ಖಾಲಿ, ಬಿಸಿಲು ಹಿತ, ಕೊನೆಯ ಬುಟ್ಟಿ ದೂರದಲ್ಲಿ. ಆಗ ಹೋಗಿ.

ಯಾವ ಕಾಲದಲ್ಲಿ ಹೋದರೂ ಸಂಜೆ ನಾಲ್ಕೂವರೆಗೆ ಆಟ ಬಂದ್. ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟದ ಕಡೆಯ ತೋಟಗಳಲ್ಲಿ ಆನೆ ತಿರುಗುವುದು ಕಥೆಯಲ್ಲ, ಜನ ಸತ್ತಿದ್ದಾರೆ. ಇನ್ನೊಂದು ಬುಟ್ಟಿ ಬಾಕಿ ಇದೆ ಎಂದು ಯಜಮಾನರನ್ನು ಒತ್ತಾಯಿಸಬೇಡಿ. ವಿರಾಜಪೇಟೆಗೆ ಐದರ ಸುಮಾರಿಗೆ ಬಂದ ಬಸ್ಸಿನಲ್ಲಿ ನಮಗೆ ಸೀಟು ಸಿಗಲಿಲ್ಲ, ನಿಮಗೂ ಸಿಗುವುದಿಲ್ಲ. ಕೆಲಸ ಬಿಟ್ಟವರಿಂದ ತುಂಬಿರುತ್ತದೆ. ಡಿಸ್ಕಿನ ಚೀಲವನ್ನು ಕುಳಿತವರ ಮಡಿಲಿಗೆ ಕೊಟ್ಟು ಕಂಬಿ ಹಿಡಿದು ನಿಲ್ಲಿ, ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ.